ಏಳನೇ ಗೂಟದ ಕೆಸರು

ಅಮೆರಿಕದಲ್ಲಿ ಏನು ನೋಡಿದಿರಿ ಎಂದು ಕೇಳಿದವರಿಗೆಲ್ಲ ನಾನು “ಕೆಸರು” ಎಂದೇ ಹೇಳುತ್ತ ಬಂದಿದ್ದೇನೆ. ಕೇಳಿದವರು ನಗುತ್ತಾರೆ. ಸಾನ್ ಫ್ರಾನ್ಸಿಸ್ಕೋದ ಕೆಂಪು ಸೇತುವೆಯ ಮುಂದೆ ನಿಂತ ಫೋಟೋ ತೋರಿಸಿ ಎನ್ನುತ್ತಾರೆ. ಅಂಥ ಫೋಟೋ ನನ್ನಲ್ಲಿಲ್ಲ. ಹದಿನಾರು ದಿನ ಅಲ್ಲಿದ್ದರೂ ಆ ಸೇತುವೆಯನ್ನು ವಿಮಾನದ ಕಿಟಕಿಯಿಂದ ಕೂಡ ಕಾಣಲಿಲ್ಲ. ಮಂಜು ಮುಚ್ಚಿತ್ತು.

ನಾನು ಕುಮಟಾದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು. ಭಾನುವಾರಗಳಲ್ಲಿ, ರಜೆಗಳಲ್ಲಿ ಅಘನಾಶಿನಿ ಹೊಳೆ ಕಡಲು ಸೇರುವ ಕಡೆಯ ಗಜನಿಗಳಲ್ಲಿ ಕೆಸರು ಅಳೆಯುತ್ತೇನೆ. ಗಜನಿ ಎಂದರೆ ಕಡಲಿನ ನೀರಿಗೆ ಒಡ್ಡು ಕಟ್ಟಿ ಉಳಿಸಿಕೊಂಡ ಉಪ್ಪು ನೆಲ. ಮಳೆಗಾಲದಲ್ಲಿ ಅಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತದೆ, ಉಳಿದ ದಿನಗಳಲ್ಲಿ ಸಿಗಡಿ, ಮೀನು. ಕಡಲು ಏರುತ್ತಿದೆ ಎನ್ನುವುದು ಈಗ ಎಲ್ಲರಿಗೂ ಗೊತ್ತು. ಹೊಳೆ ತಂದು ಹಾಕುವ ಕೆಸರೂ ಅದೇ ವೇಗದಲ್ಲಿ ಏರುತ್ತಿದೆಯೇ ಎನ್ನುವುದು ನನ್ನ ಪ್ರಶ್ನೆ. ಏರಿದರೆ ಆ ನೆಲ ಉಳಿಯುತ್ತದೆ. ಇಲ್ಲದಿದ್ದರೆ ಮುಳುಗುತ್ತದೆ. ಇದೇ ಪ್ರಶ್ನೆಯನ್ನು ಸಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಜೌಗಿನಲ್ಲಿ ಇಪ್ಪತ್ತು ವರ್ಷಗಳಿಂದ ಕೇಳುತ್ತಿದ್ದ ಗುಂಪೊಂದು, ಡಿಸೆಂಬರಿನಲ್ಲಿ ಬಂದು ನಮ್ಮ ಜೊತೆ ಅಳತೆ ಮಾಡಿ, ನಿಮ್ಮ ಗಜನಿಯ ಬಗ್ಗೆ ಹೇಳಿ ಎಂದು ಕರೆಯಿತು. ಅದು ಅವರ ಕೊನೆಯ ಅಳತೆ ಎಂದು ಕಾಗದದಲ್ಲಿ ಬರೆದಿರಲಿಲ್ಲ.

ತೊಳೆದ ಬೂಟು

ವಿಮಾನ ನಿಲ್ದಾಣದಲ್ಲಿ ಒಂದು ಪ್ರಶ್ನೆ ಕೇಳುತ್ತಾರೆ: ಹೊಲ, ಗದ್ದೆ, ಕೆಸರಿನಲ್ಲಿ ಇತ್ತೀಚೆಗೆ ಓಡಾಡಿದ್ದೀರಾ? ಬೇರೆ ಪ್ರಯಾಣಿಕರು ಏನು ಹೇಳುತ್ತಾರೋ ತಿಳಿಯದು. ನಾನು ನಿಜ ಹೇಳಿದೆ. ಓಡಾಡುವುದೇ ನನ್ನ ಕೆಲಸ, ಬೂಟು ಪೆಟ್ಟಿಗೆಯಲ್ಲೇ ಇದೆ ಎಂದೆ.

ಬೂಟನ್ನು ಹೊರಗೆ ತೆಗೆಸಿದರು. ನಾನು ಮನೆಯಲ್ಲಿ ಎರಡು ಸಲ ತೊಳೆದಿದ್ದೆ. ಆದರೂ ಅಡಿಯ ಗೆರೆಗಳಲ್ಲಿ ನಮ್ಮ ಹೊಳೆಯ ಕಪ್ಪು ಕೆಸರು ಒಣಗಿ ಕೂತಿತ್ತು. ಕೈಗವಸು ಹಾಕಿಕೊಂಡ ಯುವ ಅಧಿಕಾರಿ ಅವನ್ನು ಒಳಗೆ ಒಯ್ದ. ನಲ್ಲಿಯ ಸದ್ದು, ಬ್ರಷ್ಷಿನ ಸದ್ದು ಕೇಳಿಸಿತು. ಅರ್ಧ ಗಂಟೆಯ ಮೇಲೆ ಒದ್ದೆ ಬೂಟುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಂದುಕೊಟ್ಟು, “ಕ್ಷಮಿಸಿ, ನಿಮ್ಮ ಮಣ್ಣಿನಲ್ಲಿ ಏನಿದೆ ಅಂತ ನಮಗೆ ಗೊತ್ತಿಲ್ಲವಲ್ಲ” ಎಂದ. ಅವನ ಮಾತು ಸರಿಯಾಗಿಯೇ ಇತ್ತು. ಹಡಗುಗಳ ಜೊತೆ ಬಂದ ಪರದೇಶದ ಚಿಪ್ಪು, ಏಡಿಗಳು ಆ ಕೊಲ್ಲಿಯಲ್ಲಿ ತುಂಬಿಹೋಗಿವೆ. ಆದರೂ ಆ ಹೊಳೆಯುವ ಬೂಟುಗಳನ್ನು ನೋಡಿದಾಗ ಯಾಕೋ ಯಾರೋ ನನ್ನ ಮುಖ ತೊಳೆದು ಕಳಿಸಿದ ಹಾಗನಿಸಿತು.

ಮಿಲ್ಪಿಟಾಸ್

ನಾನು ಉಳಿದುಕೊಂಡದ್ದು ಪದ್ಮಿನಿಯ ಅಪಾರ್ಟ್‌ಮೆಂಟಿನಲ್ಲಿ. ನನ್ನ ಸಹೋದ್ಯೋಗಿಯೊಬ್ಬರ ತಂಗಿ, ಮದ್ದೂರಿನ ಕಡೆಯವಳು. ಕಂಪ್ಯೂಟರ್ ಕಂಪನಿಯೊಂದರಲ್ಲಿ ಕೆಲಸ. ಗಂಡ ಆ ತಿಂಗಳೆಲ್ಲ ಟೆಕ್ಸಸ್‌ನಲ್ಲಿದ್ದ. ಮನೆಯಲ್ಲಿ ಅವಳು ಮತ್ತು ಒಂಬತ್ತನೇ ತರಗತಿಯ ಮಗಳು ಆದ್ಯಾ.

ಮೊದಲ ದಿನ ಕಾರಿನಲ್ಲಿ ಹೋಗುವಾಗ ಫ್ರೀವೇಯ ಪಶ್ಚಿಮಕ್ಕೆ, ಗೋದಾಮುಗಳ ಸಂದಿಯಲ್ಲಿ, ತುಕ್ಕು ಬಣ್ಣದ ದೊಡ್ಡ ದೊಡ್ಡ ಮಡುಗಳು ಕಂಡವು. ನಮ್ಮ ಸಾಣಿಕಟ್ಟೆಯ ಉಪ್ಪಿನಾಗರವನ್ನು ಹತ್ತಾರು ಪಟ್ಟು ಹಿಗ್ಗಿಸಿದ ಹಾಗೆ. ಅದು ಏನು ಎಂದು ನಾನು ಪದ್ಮಿನಿಗೇ ಹೇಳಬೇಕಾಯಿತು.

“ಉಪ್ಪು ಮಾಡ್ತಿದ್ರಾ ಅಲ್ಲಿ? ಅಕ್ಕಾ, ಹದಿನೈದು ವರ್ಷದಿಂದ ಇದೇ ಫ್ರೀವೇನಲ್ಲಿ ಡ್ರೈವ್ ಮಾಡ್ತಿದೀನಿ. ಆ ಕಡೆ ನೀರಿದೆ ಅಂತ ಗೊತ್ತು. ಏನ್ ನೀರು ಅಂತ ಒಂದಿನಾನೂ ಯೋಚ್ನೆ ಮಾಡಿಲ್ಲ ನೋಡಿ.”

ಹಿಂದಿನ ಸೀಟಿನಿಂದ ಆದ್ಯಾ, “ಇಟ್ಸ್ ಜಸ್ಟ್ ದ ಬೇ, ಅಮ್ಮಾ,” ಎಂದಳು.

ಉಪ್ಪಿಗಾಗಿ ಹಿಂದಿನವರು ಕಟ್ಟಿದ ಒಡ್ಡುಗಳನ್ನು ಜೌಗಿನ ಯೋಜನೆಯವರು ಈಗ ಒಂದೊಂದಾಗಿ ಒಡೆದು ಕಡಲನ್ನು ಒಳಗೆ ಬಿಡುತ್ತಿದ್ದಾರೆ. ನೀರಿನ ಜೊತೆ ಕೆಸರು ಬಂದು ಕೂರಲಿ, ಕೆಸರಿನ ಮೇಲೆ ಉಪ್ಪು ಗಿಡ ಬೆಳೆಯಲಿ, ಆ ಜೌಗೇ ಹಿಂದಿನ ಊರುಗಳಿಗೆ ತಡೆಗೋಡೆಯಾಗಲಿ ಎಂಬ ಎಣಿಕೆ. ಕಾಂಕ್ರೀಟಿನ ಗೋಡೆ ಕಡಲಿನ ಜೊತೆ ಬೆಳೆಯುವುದಿಲ್ಲ, ಜೌಗು ಬೆಳೆಯುತ್ತದೆ. ಬೆಳೆಯುವಷ್ಟು ಕೆಸರು ಸಿಕ್ಕರೆ ಮಾತ್ರ.

ಅಲ್ವಿಸೊ

ಅಲ್ವಿಸೊ ಕೊಲ್ಲಿಯ ತುದಿಯಲ್ಲಿರುವ ಪುಟ್ಟ ಊರು. ನೆಲ ಕಡಲಿಗಿಂತ ತಗ್ಗಿನಲ್ಲಿದೆ. ಅಲ್ಲಿ ದಿನವೂ ನನಗಾಗಿ ಕಾಯುತ್ತಿದ್ದವರು ಡೋರೀನ್. ಅರವತ್ತು ದಾಟಿದ ಹೆಂಗಸು, ಕತ್ತರಿಸಿದ ಬಿಳಿ ಕೂದಲು, ಬಿಸಿಲಿಗೆ ಬಿರಿದ ತುಟಿ. ಕೊಲ್ಲಿಯ ಹತ್ತಿರ ಮನೆ ಮಾಡುವುದು ಆಗದೆ ದೂರದ ಗಿಲ್‌ರಾಯ್‌ನಲ್ಲಿದ್ದಾರೆ. ಅದು ಬೆಳ್ಳುಳ್ಳಿ ಬೆಳೆಯುವ ಊರು. ಅಲ್ಲಿಂದ ಪ್ರತಿದಿನ ಕಾರು ಓಡಿಸಿಕೊಂಡು ಬರುತ್ತಾರೆ. ಇಪ್ಪತ್ತು ವರ್ಷವೂ ಆ ಜೌಗಿನ ಎಲ್ಲ ಅಳತೆಗಳನ್ನು ಬರೆದುಕೊಂಡವರು ಅವರೊಬ್ಬರೇ. ಇಂಗ್ಲಿಷಿನಲ್ಲಿ ಎಲ್ಲರಿಗೂ ‘ಯು’ ಒಂದೇ. ಮೊದಲ ದಿನ ಅವರ ‘ಯು’ ನನ್ನ ಕಿವಿಗೆ ‘ನೀವು’ ಎಂದು ಕೇಳಿಸಿತು. ಮೂರನೆಯ ದಿನದ ಹೊತ್ತಿಗೆ ಅದು ‘ನೀನು’ ಆಗಿತ್ತು.

“ನಿಮ್ಮಲ್ಲಿ ಒಡ್ಡು ಒಡೆದರೆ ಏನು ಮಾಡುತ್ತೀರಿ?” ಎಂದು ಕೇಳಿದರು.

“ಇಡೀ ಊರು ಓಡಿಹೋಗಿ ಕಟ್ಟುತ್ತದೆ. ಕಟ್ಟಲಾಗದಿದ್ದರೆ ಅಳುತ್ತದೆ.”

“ನಾವು ಮೊದಲ ಒಡ್ಡು ಒಡೆದ ದಿನ ಕೇಕ್ ಕತ್ತರಿಸಿದ್ದೆವು,” ಎಂದರು ಡೋರೀನ್. ಅವರು ನಗಲಿಲ್ಲ.

ಅಳತೆಯ ಕ್ರಮ ಸರಳ. ಜೌಗಿನಲ್ಲಿ ಏಳು ಕಡೆ ಉಕ್ಕಿನ ಗೂಟಗಳಿವೆ. ಇನ್ನು ಇಳಿಯುವುದಿಲ್ಲ ಎನ್ನುವಷ್ಟು ಆಳಕ್ಕೆ ಹೊಡೆದವು, ಆದ್ದರಿಂದ ಅಲುಗುವುದಿಲ್ಲ. ಗೂಟದ ತಲೆಗೆ ಅಡ್ಡ ತೋಳೊಂದನ್ನು ಸಿಕ್ಕಿಸಿ, ಅದರಲ್ಲಿರುವ ಒಂಬತ್ತು ಸಪೂರ ಕಡ್ಡಿಗಳನ್ನು ಕೆಸರಿನ ಮೈ ತಾಗುವವರೆಗೆ ಇಳಿಸಬೇಕು. ಕಳೆದ ವರ್ಷಕ್ಕಿಂತ ಕಡ್ಡಿಗಳು ಮೇಲೆ ನಿಂತರೆ ಕೆಸರು ಏರಿದೆ ಎಂದರ್ಥ. ತೋಳನ್ನು ನಾಲ್ಕು ದಿಕ್ಕಿಗೆ ತಿರುಗಿಸಿ ನಾಲ್ಕು ಸಲ ಓದಬೇಕು. ಅಳೆಯುವವರು ಹಲಗೆಯ ಮೇಲೆ ಮಂಡಿಯೂರಿ ಕೂರುತ್ತಾರೆ. ಗೂಟದ ಸುತ್ತಲಿನ ಆ ಚಾಪೆಯಗಲದ ಕೆಸರಿನ ಮೇಲೆ ಇಪ್ಪತ್ತು ವರ್ಷಗಳಲ್ಲಿ ಒಬ್ಬ ಮನುಷ್ಯನ ಕಾಲೂ ಬಿದ್ದಿರಲಿಲ್ಲ. ಏರಿಕೆ ಎಂದರೆ ವರ್ಷಕ್ಕೆ ಒಂದೆರಡು ಅಕ್ಕಿಕಾಳಿನ ದಪ್ಪ. ಒಂದು ಹೆಜ್ಜೆ ಬಿದ್ದರೆ ಎಲ್ಲ ಹೋಯಿತು.

ಮೂರನೆಯ ದಿನ ದೋಣಿಯಲ್ಲಿ ಕೂತು ಬ್ರೆಡ್ಡು ತಿನ್ನುವಾಗ ಡೋರೀನ್ ಸುದ್ದಿ ಹೇಳಿದರು. ಅನುದಾನ ನಿಂತಿದೆ. ಇನ್ನೊಂದು ವಾರಕ್ಕೆ ಯೋಜನೆ ಮುಗಿಯುತ್ತದೆ, ಅವರ ಕೆಲಸವೂ. ಇನ್ನು ಮುಂದೆ ಉಪಗ್ರಹದ ಚಿತ್ರಗಳಿಂದ, ಕಂಪ್ಯೂಟರಿನ ಲೆಕ್ಕಾಚಾರದಿಂದ ನೋಡಿಕೊಳ್ಳುತ್ತಾರಂತೆ.

“ಹೊಸಬರು ಕೆಸರನ್ನು ಆಕಾಶದಿಂದ ನೋಡುತ್ತಾರೆ. ತಪ್ಪೇನಲ್ಲ, ಇಡೀ ಕೊಲ್ಲಿ ಒಂದೇ ಸಲ ಕಾಣುತ್ತದೆ. ಆದರೆ ಆಕಾಶ ಕಂಡದ್ದು ಸರಿಯೋ ಅಂತ ಯಾರಾದರೂ ಇಲ್ಲಿ ಬಂದು ನೋಡಬೇಕಲ್ಲ? ಈ ಗೂಟಗಳು ಇಲ್ಲೇ ಇರುತ್ತವೆ. ಓದುವವರು ಇರುವುದಿಲ್ಲ.”

ನಮ್ಮಲ್ಲಿ ಓದುವವಳು ಭಾನುವಾರಕ್ಕೊಮ್ಮೆ ಹೋಗುವ ನಾನೊಬ್ಬಳು.

ಏಳನೇ ಗೂಟ

ಆರು ಗೂಟಗಳ ಸುದ್ದಿ ಒಂದೇ ಆಗಿತ್ತು. ಕೆಸರು ಏರುತ್ತಿದೆ, ಆದರೆ ಸಾಲದು. ಪ್ರತಿ ಸಲ ಡೋರೀನ್ ಹಳೆಯ ಪುಟ ತಿರುಗಿಸಿ ನೋಡಿ ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು ಸುಮ್ಮನೆ ತೋಳು ಬಿಚ್ಚುತ್ತಿದ್ದರು. ಐದನೆಯ ದಿನ ಮಧ್ಯಾಹ್ನದ ಇಳಿತದಲ್ಲಿ ಏಳನೆಯ ಗೂಟಕ್ಕೆ ಹೋದೆವು. ಚಳಿಗೆ ಬೆರಳು ಮರಗಟ್ಟಿತ್ತು. ನಾನು ಹಲಗೆಯ ಮೇಲೆ ಕೂತು ಓದಿದೆ, ಅವರು ಬರೆದುಕೊಂಡರು. ಎರಡು ದಿಕ್ಕು ಮುಗಿಯಿತು. ಮೂರನೆಯದಕ್ಕೆ ತೋಳು ತಿರುಗಿಸಿದ್ದೆವು. ಅಷ್ಟರಲ್ಲಿ ದೋಣಿಯ ಹಗ್ಗ ಸಡಿಲವಾದದ್ದು ಕಂಡು ಅವರು ಅತ್ತ ಹೋದರು.

ನಾನು ಕಡ್ಡಿಗಳನ್ನು ಇಳಿಸುತ್ತಿದ್ದೆ. ಒಂದು ಕಡ್ಡಿಯ ಹಿಡಿ ಜಾರಿತು. ಅದು ಕೆಳಗೆ ಬೀಳುವುದನ್ನು ಹಿಡಿಯಲು ನಾನು ಚಾಚಿದೆ. ಊರಿನಲ್ಲಾದರೆ ಹಾಗೆ ಚಾಚುವಾಗ ಕಾಲನ್ನು ಕೆಸರಿಗೆ ಇಳಿಸಿಬಿಡುವುದೇ ರೂಢಿ. ಕಾಲು ತನ್ನಷ್ಟಕ್ಕೆ ಇಳಿಯಿತು. ಮೊಣಕಾಲಿನವರೆಗೆ.

ಎಳೆದುಕೊಂಡಾಗ ಬೂಟಿನಾಕಾರದ ಗುಂಡಿ, ಅದರ ಸುತ್ತ ಉಬ್ಬಿ ನಿಂತ ಕೆಸರು. ತಿರುಗಿ ನೋಡಿದೆ. ಡೋರೀನ್ ನನ್ನ ಕಡೆಗೆ ಬೆನ್ನು ಮಾಡಿ ಹಗ್ಗ ಬಿಗಿಯುತ್ತಿದ್ದರು. ನಾನು ಎರಡೂ ಕೈಯಿಂದ ಗುಂಡಿ ಮುಚ್ಚಿದೆ. ಒಡ್ಡಿನ ಬಿರುಕಿಗೆ ಕೆಸರು ಮೆತ್ತುವ ಹಾಗೆ ಅಂಗೈಯಿಂದ ಸವರಿದೆ. ಮೆತ್ತಿದ ಕೆಸರು ಮೊದಲಿಗಿಂತ ತುಸು ಉಬ್ಬಿಯೇ ನಿಂತಿತು. ಕಡ್ಡಿಗಳನ್ನು ಇಳಿಸಿದೆ.

“ಓದು,” ಎಂದರು ಹಿಂತಿರುಗಿ ಬಂದ ಡೋರೀನ್.

ನಾನು ಒಂಬತ್ತು ಅಂಕಿಗಳನ್ನು ಓದಿದೆ. ಅವರು ಬರೆದುಕೊಂಡರು. ಹಳೆಯ ಪುಟ ತಿರುಗಿಸಿದರು. ಇನ್ನೊಮ್ಮೆ ತಿರುಗಿಸಿದರು. “ಏರಿದೆ,” ಎಂದರು ಮೆಲ್ಲಗೆ. ನಾಲ್ಕನೆಯ ದಿಕ್ಕಿನ ಅಂಕಿ ಎಂದಿನಂತೆಯೇ ಇತ್ತು. ಆದರೂ ಒಟ್ಟು ಸರಾಸರಿ ಮೇಲೆಯೇ ನಿಂತಿತು. ದೋಣಿಯಲ್ಲಿ ವಾಪಸ್ಸು ಬರುವಾಗ ಅವರು ಮೊದಲ ಸಲ ಗುನುಗಿದ್ದು ಕೇಳಿಸಿತು.

ಯಾಕೆ ಹಾಗೆ ಮಾಡಿದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಪರೀಕ್ಷೆಯಲ್ಲಿ ಅಂಕಿ ತಿದ್ದಿದ ವಿದ್ಯಾರ್ಥಿಗಳನ್ನು ತರಗತಿಯಿಂದ ಹೊರಗೆ ನಿಲ್ಲಿಸಿದವಳು ನಾನು. ನಾಚಿಕೆಗೆ ಮಾಡಿದೆ, ಅಷ್ಟೇ. ಅಷ್ಟು ದೂರದಿಂದ ಕರೆಸಿಕೊಂಡವರ ಮುಂದೆ ಕೆಸರಿನಲ್ಲಿ ನಡೆಯಲು ಬರದವಳಾಗಲು ಮನಸ್ಸಾಗಲಿಲ್ಲ.

ಅಂದು ಸಂಜೆ ಪದ್ಮಿನಿ ಮುದ್ದೆ, ಬಸ್ಸಾರು ಮಾಡಿದ್ದಳು. ಒಂದೇ ತುತ್ತಿಗೆ ನಾನು ತಟ್ಟೆ ಸರಿಸಿದೆ. “ಯಾಕಕ್ಕಾ, ಖಾರ ಆಯ್ತಾ?” ಎಂದಳು. ನಡೆದದ್ದನ್ನು ಹೇಳಿದೆ.

“ಎಷ್ಟು ಡಿಫರೆನ್ಸು? ಮಿಲಿಮೀಟರುಗಳಲ್ಲಾ? ಅಯ್ಯೋ, ಬಿಡಿ ಅಕ್ಕಾ. ಪ್ರಾಜೆಕ್ಟೇ ಕ್ಲೋಸ್ ಆಗ್ತಿದೆ ಅಂತೀರಾ. ಯಾರು ನೋಡ್ತಾರೆ ಅದನ್ನ?”

ಆದ್ಯಾ ತಟ್ಟೆಯಿಂದ ತಲೆ ಎತ್ತಿದಳು. “ಬಟ್ ದಟ್ಸ್ ದ ಲಾಸ್ಟ್ ಒನ್, ರೈಟ್?” ಎಂದಳು. “ಸೋ ಇಟ್ ಸ್ಟೇಸ್.”

ಕೊನೆಯದು, ಆದ್ದರಿಂದ ಹಾಗೆಯೇ ಉಳಿದುಬಿಡುತ್ತದೆ. ಹುಡುಗಿ ಸುಮ್ಮನೆ ಹೇಳಿ ಮತ್ತೆ ಊಟ ಮಾಡಿದಳು.

ವಾಲ್ನಟ್ ಕ್ರೀಕ್

ಜೌಗು ಅಳೆಯುವವರ ಕಚೇರಿ ಇರುವುದು ಜೌಗಿನಿಂದ ಬಲು ದೂರ, ವಾಲ್ನಟ್ ಕ್ರೀಕ್‌ನ ಅಂಗಡಿ ಸಾಲುಗಳ ನಡುವೆ. ಯೋಜನೆಯ ಕೊನೆಯ ಸಭೆ, ನನ್ನ ಭಾಷಣ ಎರಡೂ ಅಲ್ಲೇ. ಓಕ್‌ಲ್ಯಾಂಡಿನಲ್ಲಿ ರೈಲು ಬದಲಿಸಬೇಕು. ಅಲ್ಲಿ ನುಗ್ಗುವ ಭರಾಟೆಯಲ್ಲಿ ನಾನು ಒಬ್ಬ ಅಜ್ಜನ ಪಾದ ತುಳಿದೆ. ತುಳಿಸಿಕೊಂಡವನೇ “ಸಾರಿ” ಎಂದ. ಆ ಊರಿನವರ ಅಭ್ಯಾಸ ಅದು. ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು.

ಬೀದಿಯ ಮರಗಳಿಗೆಲ್ಲ ಕ್ರಿಸ್‌ಮಸ್ಸಿನ ದೀಪದ ಸರ ಸುತ್ತಿದ್ದರು. ಮಹಡಿಯ ಮೇಲಿನ ಕಚೇರಿಯಲ್ಲಿ ಅರ್ಧ ಸಾಮಾನು ರಟ್ಟಿನ ಪೆಟ್ಟಿಗೆ ಸೇರಿತ್ತು. ಸಭೆಯಲ್ಲಿ ಎಂಟು ಜನ. ಯೋಜನೆಯ ಮುಖ್ಯಸ್ಥ ಪೀಟರ್ ಪರದೆಯ ಮೇಲೆ ಇಪ್ಪತ್ತು ವರ್ಷದ ಗೆರೆಗಳನ್ನು ತೋರಿಸಿದರು. ಕಡಲಿನ ಗೆರೆ ಒಂದು, ಗೂಟಗಳ ಗೆರೆ ಏಳು. ಆರು ಗೆರೆಗಳು ಕಡಲಿನ ಗೆರೆಯ ಕೆಳಗೆ ಹಿಂದೆ ಬೀಳುತ್ತ ಹೋಗಿದ್ದವು. ಏಳನೆಯದು ಕೊನೆಯಲ್ಲಿ ತಲೆ ಎತ್ತಿತ್ತು.

“ನೋಡಿ,” ಎಂದರು ಪೀಟರ್. ಅವರ ಧ್ವನಿಯಲ್ಲಿ ಅದುವರೆಗೆ ಇಲ್ಲದ ಹುರುಪು. “ಒಂದು ಜಾಗವಾದರೂ ಕಡಲಿಗೆ ಸಮನಾಗಿ ಏರಲು ಶುರುಮಾಡಿದೆ. ವರದಿಯನ್ನು ಈ ಮಾತಿನಿಂದ ಮುಗಿಸೋಣ ಅಂತ ನನ್ನ ಆಸೆ.” ಮೇಜಿನ ಸುತ್ತ ಕೆಲವರು ಮುಗುಳ್ನಕ್ಕರು. ಡೋರೀನ್ ಮಾತ್ರ ತಮ್ಮ ಬಿರುಕು ಬಿಟ್ಟ ಕೈಗಳನ್ನೇ ನೋಡುತ್ತಿದ್ದರು.

ನಾನು ಎದ್ದು ನಿಂತೆ. ಎದ್ದ ಮೇಲೆ ಇಂಗ್ಲಿಷು ಮರೆತ ಹಾಗಾಯಿತು. “ಆ ಗೆರೆ ಸುಳ್ಳು,” ಎಂದೆ. “ಮೂರನೆಯ ದಿಕ್ಕಿನಲ್ಲಿ ನನ್ನ ಕಾಲು ಬಿತ್ತು. ನಾನು ಕೈಯಿಂದ ಮುಚ್ಚಿದೆ. ಮುಚ್ಚಿದ ಮೇಲೆ ಓದಿದೆ. ಡೋರೀನ್‌ಗೆ ಗೊತ್ತಿಲ್ಲ.”

ಯಾರೂ ಬಯ್ಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಪೀಟರ್ ಕನ್ನಡಕ ತೆಗೆದು ಒರೆಸಿಕೊಂಡರು. “ಮೂರನೆಯ ದಿಕ್ಕು ಮಾತ್ರವೇ?” ಎಂದು ಕೇಳಿದರು. ಹೌದೆಂದೆ. ಅವರು ಕಂಪ್ಯೂಟರಿನಲ್ಲಿ ಆ ಒಂಬತ್ತು ಅಂಕಿಗಳನ್ನು ಅಳಿಸಿದರು. ಪರದೆಯ ಮೇಲೆ ಏಳನೆಯ ಗೆರೆ ತಲೆ ತಗ್ಗಿಸಿ ಉಳಿದ ಆರರ ಜೊತೆ ಸೇರಿಕೊಂಡಿತು. ಕೆಳಗಿನ ಬೀದಿಯಿಂದ ಹಬ್ಬದ ಹಾಡು ಕೇಳುತ್ತಿತ್ತು.

ಆಮೇಲೆ ನನ್ನ ಭಾಷಣ. ಗಜನಿಯ ಒಡ್ಡುಗಳು, ಕಗ್ಗ, ಬಿಟ್ಟುಹೋದ ಗದ್ದೆಗಳು ಎಂದು ಹೇಳಬೇಕಾದದ್ದನ್ನೆಲ್ಲ ಹೇಳಿದೆ. ನನ್ನ ಅಂಕಿಗಳನ್ನು ತೋರಿಸುವಾಗ ಎದುರಿಗೆ ಕೂತವರು ಅವನ್ನು ಎಷ್ಟು ನಂಬುತ್ತಿದ್ದಾರೆ ಎಂದು ಮುಖ ನೋಡಲು ಧೈರ್ಯವಾಗಲಿಲ್ಲ. ಪ್ರಶ್ನೆಗಳಿವೆಯೇ ಎಂದಾಗ ಯಾರೂ ಕೈ ಎತ್ತಲಿಲ್ಲ.

ರೈಲು ಬೇಡ, ನಾನೇ ಬಿಡುತ್ತೇನೆ ಎಂದರು ಡೋರೀನ್. ಒಂದು ಗಂಟೆಯ ದಾರಿ.

“ನಿನ್ನ ತೋಳಿನ ಮೇಲೆ ಮೊಣಕೈವರೆಗೂ ಕೆಸರಿತ್ತು,” ಎಂದರು ಅರ್ಧ ದಾರಿಯಲ್ಲಿ. “ಓದುವವರ ಕೈಗೆ ಅಷ್ಟು ಕೆಸರು ಆಗುವುದಿಲ್ಲ. ನಾನು ನೋಡಿದೆ. ಕೇಳಬೇಕಿತ್ತು, ಕೇಳಲಿಲ್ಲ.”

“ಯಾಕೆ?”

ಅವರು ರಸ್ತೆಯನ್ನೇ ನೋಡುತ್ತಿದ್ದರು. “ಇಪ್ಪತ್ತು ವರ್ಷ ಕಣಮ್ಮಾ,” ಎಂದರು. ‘ಕಣಮ್ಮಾ’ ಎಂಬ ಮಾತು ಇಂಗ್ಲಿಷಿನಲ್ಲಿ ಇಲ್ಲ. ನನಗೆ ಹಾಗೆ ಕೇಳಿಸಿತು. “ಇಪ್ಪತ್ತು ವರ್ಷ ಕೆಟ್ಟ ಸುದ್ದಿಯನ್ನೇ ಬರೆದುಕೊಂಡೆ. ಕೊನೆಯ ದಿನ ಒಂದು ಒಳ್ಳೆಯ ಅಂಕಿ ಬಂತು. ಅದನ್ನು ಇಟ್ಟುಕೊಳ್ಳೋಣ ಅನಿಸಿತು.”

ನಾನು ಕ್ಷಮಿಸಿ ಎಂದೆ. ಅವರು ಸ್ಟಿಯರಿಂಗಿನಿಂದ ಒಂದು ಕೈ ತೆಗೆದು ನನ್ನ ಮಣಿಕಟ್ಟು ಒತ್ತಿದರು. ಪರವಾಗಿಲ್ಲ ಎನ್ನಲಿಲ್ಲ. ಪರವಾಗಿಲ್ಲ ಎನ್ನುವಂಥದ್ದು ಅದಾಗಿರಲೂ ಇಲ್ಲ.

ದೊಡ್ಡ ಉಬ್ಬರ

ಚಳಿಗಾಲದಲ್ಲಿ ಅಲ್ಲಿ ಕೆಲವು ದಿನ ವರ್ಷದ ಅತಿ ದೊಡ್ಡ ಉಬ್ಬರ ಬರುತ್ತದೆ. ಹಗಲಿನಲ್ಲೇ ಬರುವುದರಿಂದ ಜನ ಒಡ್ಡಿನ ಮೇಲೆ ನಿಂತು ನೋಡುತ್ತಾರೆ. ನಾನು ಹೊರಡುವ ಹಿಂದಿನ ಬೆಳಿಗ್ಗೆ ಅಂಥ ಉಬ್ಬರವಿತ್ತು. ನೋಡಿಹೋಗು ಎಂದು ಡೋರೀನ್ ಫೋನು ಮಾಡಿದರು. ಅಷ್ಟು ಹೊತ್ತಿಗೆ ಅವರ ಕೆಲಸ ಮುಗಿದು ನಾಲ್ಕು ದಿನವಾಗಿತ್ತು. ಆದರೂ ಹಳೆಯ ಬೂಟು, ಹಳೆಯ ಟೋಪಿಯಲ್ಲೇ ಬಂದಿದ್ದರು. ರಜೆ ಹಾಕಿ ಪದ್ಮಿನಿಯೂ ಬಂದಳು.

ಜೌಗು ಕಾಣುತ್ತಿರಲಿಲ್ಲ. ಗೂಟಗಳಿದ್ದ ಜಾಗ, ನಾವು ದೋಣಿ ಕಟ್ಟಿದ್ದ ಜಾಗ, ಎಲ್ಲವೂ ಬೂದು ನೀರಿನ ಅಡಿಯಲ್ಲಿ. ಎತ್ತರದ ಕೆಲವು ಗಿಡಗಳ ತುದಿ ಮಾತ್ರ ಅಲ್ಲಲ್ಲಿ ಗೊಂಚಲಾಗಿ ಮೇಲಿತ್ತು. ಡೋರೀನ್ ದುರ್ಬೀನು ಕೊಟ್ಟು ಹತ್ತಿರದ ಗಿಡವೊಂದನ್ನು ತೋರಿಸಿದರು. ತುದಿಯ ಒಣಹೂವಿಗೆ ಅಂಟಿಕೊಂಡು ಹೆಬ್ಬೆರಳಿನಷ್ಟು ದೊಡ್ಡ ಕಂದು ಇಲಿಯೊಂದು ಕೂತಿತ್ತು. ಉಪ್ಪು ನೀರು ಕುಡಿದು ಬದುಕಬಲ್ಲ ಇಲಿ. ಜಗತ್ತಿನಲ್ಲಿ ಈ ಕೊಲ್ಲಿಯ ಸುತ್ತ ಬಿಟ್ಟರೆ ಇನ್ನೆಲ್ಲಿಯೂ ಇಲ್ಲ. ನೀರು ಏರಿದಾಗ ಅದು ಗಿಡ ಹತ್ತುತ್ತದೆ. ಗಿಡ ಮುಗಿದ ಮೇಲೆ ಹತ್ತಲು ಏನೂ ಇಲ್ಲ.

“ಅದ್ಯಾಕೆ ಅಷ್ಟೊಂದು ಬೆಳ್ಳಕ್ಕಿ ಬಂದಿದಾವೆ?” ಎಂದಳು ಪದ್ಮಿನಿ.

ನಾನು ಹೇಳುವ ಮೊದಲೇ ಅವಳಿಗೆ ಅರ್ಥವಾಯಿತು. ಮೂರು ದೊಡ್ಡ ಬೆಳ್ಳಕ್ಕಿಗಳು ಮುಳುಗಿದ ಗಿಡಗಳ ನಡುವೆ ನಿಧಾನವಾಗಿ ಹೆಜ್ಜೆ ಹಾಕುತ್ತಿದ್ದವು. ಅವಕ್ಕೆ ಅವಸರವಿರಲಿಲ್ಲ. ಒಂದು ಕುತ್ತಿಗೆ ಚಾಚಿತು, ಎತ್ತಿತು, ನುಂಗಿತು. ಮುಂದಿನ ಗಿಡಕ್ಕೆ ನಡೆಯಿತು.

“ಅಕ್ಕಾ, ಓಡಿಸ್ಬಾರ್ದಾ? ಒಂದ್ ಚಪ್ಪಾಳೆ ತಟ್ಟಿದ್ರೆ ಹೋಗತ್ತೆ.”

ಅಲ್ಲಿ ಅದು ಕೂಡದು. ಬೆಳ್ಳಕ್ಕಿಯೂ ಜೌಗಿನದೇ, ಹಸಿವೂ ಜೌಗಿನದೇ. ನೋಡುವವರು ನೋಡಬೇಕು, ಎಣಿಸಬೇಕು, ಕೈ ಹಾಕಬಾರದು. ಒಡ್ಡಿನ ಮೇಲಿದ್ದ ಸ್ವಯಂಸೇವಕರು ಮೊದಲೇ ಎಲ್ಲರಿಗೂ ಹೇಳಿದ್ದರು. ಆ ಸ್ವಯಂಸೇವಕರಿಗೆ ಅದನ್ನು ಕಲಿಸಿದವರು ಡೋರೀನ್. ಪದ್ಮಿನಿ ಕನ್ನಡದಲ್ಲಿ ಹೇಳಿದ್ದು ಅವರಿಗೆ ತಿಳಿಯುವಂತಿರಲಿಲ್ಲ. ಆದರೆ ಅವಳು ಎತ್ತಿದ ಕೈಗಳನ್ನು ನೋಡಿದರು, ತಲೆ ಅಲ್ಲಾಡಿಸಿದರು.

ಬೆಳ್ಳಕ್ಕಿ ನಮ್ಮ ಗಿಡದ ಬಳಿ ಬಂತು. ಇಲಿ ತುದಿಯಿಂದ ಇನ್ನೂ ತುದಿಗೆ ಸರಿಯಿತು. ಗಿಡ ಬಾಗಿತು.

ಡೋರೀನ್ ಚಪ್ಪಾಳೆ ತಟ್ಟಿದರು. ಒಂದು ಸಲವಲ್ಲ, ನಾಲ್ಕೈದು ಸಲ, ಜೋರಾಗಿ, ಒರಟು ಅಂಗೈಗಳಿಂದ. ಒಡ್ಡಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು.

ಬೆಳ್ಳಕ್ಕಿ ಎದ್ದಿತು. ಅಗಲ ರೆಕ್ಕೆ ಬೀಸಿ ಒಂದು ಸುತ್ತು ಹೊಡೆಯಿತು. ಇಪ್ಪತ್ತು ಮಾರು ಆಚೆ, ಇನ್ನೊಂದು ಗಿಡದ ಪಕ್ಕ ಇಳಿಯಿತು.

ಡೋರೀನ್ ಕೈಗಳನ್ನು ಜೇಬಿಗೆ ಹಾಕಿಕೊಂಡರು. ಗಡಿಯಾರ ನೋಡಿದ ಪದ್ಮಿನಿ, ನೀರು ಇಳಿಯೋದು ಯಾವಾಗ ಎಂದು ಕೇಳಿದಳು. ಏರುವುದೇ ಇನ್ನೂ ಒಂದು ಗಂಟೆ ಇತ್ತು.